ಕಾರಲ್ಲಿ ಹೋದ್ರೆ ಆಗಲ್ವಾ?

ಅಕ್ಟೋಬರ್ ಹತ್ತಿರ ಬಂದರೆ ಸಾಕು, ಈ ಪ್ರಶ್ನೆಯೂ ಬರುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ನಾವೊಂದಷ್ಟು ಜನ ಸೇರಿಕೊಂಡು, ಹೈದರಾಲಿ, ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಜತೆ ಕಾದಾಡಿದ ಮೈಸೂರು ಯುದ್ಧಗಳು ನಡೆದ ಜಾಗಗಳಿಗೆ ಸೈಕಲ್‌ನಲ್ಲಿ ಹೋಗುತ್ತೇವೆ. ನಂದಿ ಬೆಟ್ಟ, ಚಿಂತಾಮಣಿ ಕಡೆಯ ರಹಮಾನ್‌ಗಡ, ಕೋಲಾರ, ಮುಳಬಾಗಿಲು. ಅಲ್ಲಿ ಸತ್ತವರನ್ನು ನೆನೆದು ಬರುವುದು, ಅಷ್ಟೇ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು: "ಸುಮ್ನೆ ಯಾಕೆ ಅಷ್ಟು ದೂರ ತುಳೀತೀರಾ? ಕಾರಲ್ಲಿ ಹೋಗಿ ನೋಡ್ಕೊಂಡು ಬಂದ್ರೆ ಆಗಲ್ವಾ?"

ಆಗುತ್ತದೆ. ಆದರೆ ಹೋಗಿ ಏನು ನೋಡುತ್ತೀರಿ? ನಮ್ಮ ಕಡೆ ಯುದ್ಧ ನಡೆದ ಜಾಗದಲ್ಲಿ ಉಳಿದಿರುವುದು ಹೆಚ್ಚಾಗಿ ನೆಲವೇ. ಏರು, ಇಳಿಜಾರು, ಬಂಡೆ, ಕೆರೆ. ಇವನ್ನು ಕಾರಿನ ಕಿಟಕಿಯಿಂದ ನೋಡಿದರೆ ಸೀನರಿ. ಕಾಲಲ್ಲಿ ತುಳಿದರೆ ಯುದ್ಧ ಹೀಗೇ ಯಾಕೆ ನಡೆಯಿತು ಅನ್ನುವುದು ಗೊತ್ತಾಗುತ್ತದೆ.

ನಂದಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಸೂರ್ಯೋದಯಕ್ಕೆ, ಸೆಲ್ಫಿಗೆ ಅಂತ ಬೆಂಗಳೂರಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಅವರಲ್ಲಿ ಎಷ್ಟು ಜನಕ್ಕೆ ಇದು ಮುತ್ತಿಗೆ ಬಿದ್ದ ಕೋಟೆ ಅಂತ ನೆನಪಿರುತ್ತದೆ? 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿ, ಅಲ್ಲಿಂದ ಮುಂದೆ ಹೋಗಲಾಗದೆ ವಾಪಸ್ ಬಂದ. ದಂಡಿಗೆ ತಿನ್ನಲು ಧಾನ್ಯ ಇಲ್ಲ, ಎತ್ತುಗಳು ಸತ್ತು ಬೀಳುತ್ತಿವೆ. ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆಸಿ ಹಾಕಿದ. ಮತ್ತೆ ಹೋಗಬೇಕಾದರೆ ಮೊದಲು ರಸದ್, ಅಂದರೆ ದಂಡಿಗೆ ಬೇಕಾದ ದವಸ-ಸಾಮಾನು, ಬರುವ ದಾರಿ ಭದ್ರವಾಗಬೇಕು. ಉತ್ತರದಿಂದ, ಕಂಪನಿಯ ಜತೆಗಿದ್ದ ಹೈದರಾಬಾದ್ ನಿಜಾಮನ ಸೀಮೆಯಿಂದ ಬರುವ ದಾರಿಗೆ ಅಡ್ಡ ಕೂತಿದ್ದದ್ದು ಈ ಬೆಟ್ಟ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಮೇಜರ್ ಗೌಡಿಯನ್ನು ಕಳಿಸಿದ. (ಹೆಸರು ಕೇಳಿ ನಮ್ಮವನೇ ಅಂದುಕೊಳ್ಳಬೇಡಿ, ಅವನು ಕಂಪನಿಯವನು.) ಅವನು ಮೊದಲು ರಹಮಾನ್‌ಗಡ ಹಿಡಿದು ಆಮೇಲೆ ಇಲ್ಲಿಗೆ ಬಂದ.

ನಂದಿ ಎಲ್ಲಾ ಕಡೆ ಕಡಿದಾದ ಬಂಡೆ. ದಂಡು ಹತ್ತಬಹುದಾಗಿದ್ದದ್ದು ಪಶ್ಚಿಮದ ಮಗ್ಗುಲಲ್ಲಿ ಮಾತ್ರ. ಅಲ್ಲಿ ಎರಡು ಸುತ್ತಿನ ಗಟ್ಟಿ ಗೋಡೆ. ಒಳಗೆ ಟಿಪ್ಪುವಿನ ಕಡೆಯ ಲುತ್ಫ್ ಅಲಿ ಬೇಗ್. ಗೋಡೆ ಒಡೆಯಲು ಫಿರಂಗಿ ಮೇಲೆ ಬರಬೇಕು. ಬರಲು ದಾರಿಯೇ ಇಲ್ಲ. ಪೊದೆ ಕಡಿದು, ಬಂಡೆ ಸರಿಸಿ, ದಾರಿ ಮಾಡಿಕೊಂಡು ಅವನ್ನು ಮೇಲಕ್ಕೆ ಎಳೆದು ಕೂರಿಸುವುದಕ್ಕೇ ಸುಮಾರು ಎರಡು ವಾರ ಹಿಡಿಯಿತು. ಕೊನೆಗೆ ಅಕ್ಟೋಬರ್ 18ರ ರಾತ್ರಿ, ಚಂದ್ರ ಮೂಡಿದ ಮೇಲೆ, ಜನರಲ್ ಮೆಡೋಸ್ ಮುಂದಾಳಾಗಿ ಕೋಟೆಗೆ ನುಗ್ಗಿದರು. ಮೇಲಿದ್ದವರು ದೊಡ್ಡ ದೊಡ್ಡ ಕಲ್ಲು ಉರುಳಿಸಿದರು. ಕೆಳಗಿನವರಿಗೆ ಗುಂಡಿಗಿಂತ ಆ ಕಲ್ಲುಗಳ ಕಾಟವೇ ಜಾಸ್ತಿಯಾಯಿತು.

ಈಗ ನಮ್ಮ ಕಥೆ. ಚೆಕ್‌ಪೋಸ್ಟ್ ದಾಟಿ ಏರು ಶುರುವಾದ ಕೂಡಲೇ ಎಲ್ಲರ ಮಾತು ನಿಲ್ಲುತ್ತದೆ. ಸಣ್ಣ ಗೇರಿಗೆ ಬಂದಾಗಿದೆ, ಅದಕ್ಕಿಂತ ಸಣ್ಣದು ಇಲ್ಲ. ತಿರುವಿನಲ್ಲಿ ಒಳಮಗ್ಗುಲಿಗೆ ಹೋದರೆ ಮುಂದಿನ ಚಕ್ರ ಎದ್ದೇಳುತ್ತದೋ ಅನ್ನಿಸುತ್ತದೆ. ಹೊರಮಗ್ಗುಲಿಗೆ ಹೋದರೆ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಾನೆ. ಬೆವರು ಕಣ್ಣಿಗಿಳಿದು ಉರಿಯುತ್ತದೆ. ಡಾಂಬರು ರಸ್ತೆಯಲ್ಲಿ, ಹಗುರ ಸೈಕಲ್ ಮೇಲೆ, ಮೇಲೆ ಹೋದರೆ ಕಾಫಿ ಸಿಗುತ್ತದೆ ಅಂತ ಗೊತ್ತಿದ್ದೂ ಈ ಪಾಡು. ಆಗ ಜತೆಗಿದ್ದ ಯಾರೋ ಒಬ್ಬರು ಏದುಸಿರಲ್ಲೇ ಕೇಳುತ್ತಾರೆ, "ಇಲ್ಲಿ ಫಿರಂಗಿ ಹೆಂಗೆ ತಂದ್ರಪ್ಪಾ?" ಕಾರಲ್ಲಿ ಬಂದವರು ಈ ಪ್ರಶ್ನೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮುಳಬಾಗಿಲಿನದು ಬೇರೆ ಥರ. ಅಲ್ಲಿ ಏರಲ್ಲ, ಬಂಡೆ. 1768ರ ಅಕ್ಟೋಬರ್ 4ರಂದು ಕಂಪನಿಯ ಕರ್ನಲ್ ವುಡ್‌ನ ಸಣ್ಣ ಪಡೆ ಹೈದರಾಲಿಯ ದೊಡ್ಡ ದಂಡಿಗೆ ಎದುರಾಗಿ ಸಿಕ್ಕಿಹಾಕಿಕೊಂಡಿತು. ಇನ್ನೇನು ಮುಗಿಯಿತು ಅನ್ನುವಾಗ, ಸಾಮಾನು ಕಾಯಲು ಹಿಂದೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಮರೆಯಲ್ಲಿ ತಂದು ಬಂಡೆಯೊಂದರ ಮೇಲೆ ಏರಿಸಿ ಹೊಡೆದ. ಜತೆಗಿದ್ದವರೆಲ್ಲ "ಸ್ಮಿತ್! ಸ್ಮಿತ್!" ಅಂತ ಕೂಗಿದರು. ಕರ್ನಲ್ ಸ್ಮಿತ್‌ನ ದೊಡ್ಡ ಪಡೆಯೇ ಬಂದುಬಿಟ್ಟಿತು ಅಂತ ಹೈದರನ ಕಡೆಯವರು ಹಿಂದೆ ಸರಿದರು. ಸ್ಮಿತ್ ಅಲ್ಲೆಲ್ಲೂ ಇರಲೇ ಇಲ್ಲ! ಬಟಾಬಯಲಲ್ಲಿ ಈ ಆಟ ನಡೆಯುತ್ತಿತ್ತಾ? ನಾಲ್ಕು ಮಾರು ಆಚೆಗೆ ಏನಿದೆ ಅಂತ ಕಾಣದ ಹಾಗೆ ಗುಂಡುಕಲ್ಲು ಒಟ್ಟಿರುವ ಈ ನೆಲದಲ್ಲಿ ನಡೆಯಿತು. ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಸೈಕಲ್ ಇಳಿಸಿದರೆ ಗೊತ್ತಾಗುತ್ತದೆ. ಮುಂದೆ ಹೋದ ಗೆಳೆಯ ಒಂದು ಬಂಡೆ ದಾಟಿದರೆ ಮಾಯ. ಹೆಸರು ಹಿಡಿದು ಕೂಗಬೇಕು.

ಅಂದಹಾಗೆ, ಈ ಸೋಲು-ಗೆಲುವಿನಿಂದ ಹೈದರನಿಗೇನೂ ಆಗಲಿಲ್ಲ. ಮುಂದಿನ ಏಪ್ರಿಲ್‌ಗೆ ಮದರಾಸಿನ ಬಾಗಿಲಿಗೇ ಹೋಗಿ ಕೂತು ಒಪ್ಪಂದ ಮಾಡಿಸಿಕೊಂಡ. ಅವನು ಹುಟ್ಟಿದ ಬೂದಿಕೋಟೆ ಬಂಗಾರಪೇಟೆ ಹತ್ತಿರವೇ ಇದೆ. ಕಾಲು ಗಟ್ಟಿ ಇದ್ದವರು ಅಲ್ಲಿಗೂ ಹೋಗುತ್ತಾರೆ.

ಎರಡನೇ ಪ್ರಶ್ನೆಯೂ ಒಂದಿದೆ: "ನೀವು ಯಾರ ಕಡೆ?" ಇದಕ್ಕೆ ಸಿಟ್ಟು ಮಾಡಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ನಾನು ಮಾಡಿಕೊಳ್ಳುವುದಿಲ್ಲ. ಕಂಪನಿಯ ದಂಡಿನಲ್ಲಿ ಹೆಚ್ಚಿನವರು ಮದರಾಸು ಕಡೆಯ ಸಿಪಾಯಿಗಳು. ಎತ್ತುಗಳ ಮೇಲೆ ಧಾನ್ಯ ಹೊತ್ತು ತಂದವರು ಬಂಜಾರರು. ಈ ದಂಡೂ ಆ ದಂಡೂ ತುಳಿದ ಹೊಲ ಮಾತ್ರ ನಮ್ಮೂರಿನವರದು. ಇವರ ಹೆಸರು ಎಲ್ಲೂ ಇಲ್ಲ. ಹಸು ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ ಸೀಮೆ ಇದು. ದಾರಿಯಲ್ಲಿ ಹೊಲದ ಬದುವಿನಲ್ಲಿ ಅಂಥ ಕಲ್ಲು ಕಂಡರೆ ನಿಲ್ಲುತ್ತೇವೆ. ಕೆಳಗಿನ ಸಾಲಿನಲ್ಲಿ ಬಿಲ್ಲು ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಕೆಲವಕ್ಕೆ ಇವತ್ತಿಗೂ ಅರಿಶಿನ ಕುಂಕುಮ ಬೀಳುತ್ತದೆ. ನಂದಿಯ ಗೋಡೆ ಕೆಳಗೆ ಕಲ್ಲು ಬಿದ್ದು ಸತ್ತವರಿಗೆ ಅಷ್ಟೂ ಇಲ್ಲವಲ್ಲ ಅಂತ ನಾವು ಹೋಗುವುದು.

ಇಷ್ಟು ಹೇಳಿದ ಮೇಲೂ ತುಳಿಯಲು ಆಗಲ್ಲ ಅನ್ನುವವರು ಖಂಡಿತ ಕಾರಲ್ಲೇ ಬನ್ನಿ. ನೀರಿನ ಕ್ಯಾನು, ಪಂಪು, ಟ್ಯೂಬು, ಬಾಳೆಹಣ್ಣು ಹೊರಲು ನಮಗೂ ಒಂದು ಗಾಡಿ ಬೇಕೇ ಬೇಕು. ರಸದ್ ಇಲ್ಲದೆ ಹೋದ ಕಾರ್ನ್‌ವಾಲಿಸ್‌ನ ಗತಿ ಏನಾಯಿತು ಅಂತ ಮೇಲೆ ಹೇಳಿದ್ದೇನಲ್ಲ.