ಹತ್ತಕ್ಕೆ ಏಳು

ನಮ್ಮಪ್ಪ ದೊಡ್ಡಾಟದಲ್ಲಿ ಕೀಚಕನ ಪಾತ್ರ ಮಾಡುತ್ತಿದ್ದರು. ಬಳ್ಳಾರಿಯ ಈ ಕಾಲೇಜಿನಲ್ಲಿ ನಾನು ಓದಿದ್ದು ಮೂರು ವರ್ಷ. ಮೊದಲ ಒಂದೂವರೆ ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ, ಸಿರುಗುಪ್ಪದ ಕಡೆ ಒಕ್ಕಲುತನ, ಕಾಲುವೆ ನೀರಿನ ಹೊಲ, ಭತ್ತ ಬೆಳೀತಾರೆ ಎಂದಷ್ಟೇ ಹೇಳುತ್ತಿದ್ದೆ. ಅದು ಸುಳ್ಳೇನಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯ ಪಡಸಾಲೆ ತಾಲೀಮಿನ ಮನೆಯಾಗುತ್ತಿತ್ತು, ರಾತ್ರಿ ಎರಡರ ತನಕ ಮದ್ದಳೆ ಕೇಳುತ್ತಿತ್ತು, ಅಪ್ಪ ಎತ್ತಿನ ಕೊಟ್ಟಿಗೆಯಲ್ಲೂ ಕೀಚಕನ ಮಾತುಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದರು. ಇದನ್ನೆಲ್ಲ ಹಾಸ್ಟೆಲ್ಲಿನ ಗೆಳತಿಯರಿಗೆ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ನಾವು ವಾರಕ್ಕೊಂದು ತೆಲುಗು ಸಿನಿಮಾ, ತಿಂಗಳಿಗೊಂದು ಕನ್ನಡ ಸಿನಿಮಾ ನೋಡುವ ಬಳ್ಳಾರಿಯ ಹುಡುಗಿಯರು. ದೊಡ್ಡಾಟವೆಂದರೆ ಕಿರುಚಾಟ ಎಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಇವತ್ತಿಗೂ ನನಗೆ ನೋವು ಕೊಡುವ ಸಂಗತಿ ಅದು.

ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಶನಿವಾರ ಮಧ್ಯಾಹ್ನ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಸಿನಿಮಾ ತೋರಿಸುತ್ತಿದ್ದರು. 1996ರ ಮಾತು. ವಿಸಿಆರ್ ಬಾಡಿಗೆಯದು, ಬಾಡಿಗೆ ಅವರ ಜೇಬಿನದು. ಕ್ಯಾಸೆಟ್ಟುಗಳನ್ನು ಬೆಂಗಳೂರಿನ ಗೆಳೆಯರಿಂದ ತರಿಸುತ್ತಿದ್ದರು. ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡುತ್ತಿದ್ದೆವು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಆ ಕೋಣೆ ಹೇಗಿರುತ್ತಿತ್ತು ಎಂಬುದು ಈ ಊರಲ್ಲಿ ಓದಿದವರಿಗೆ ಗೊತ್ತು. ಕರೆಂಟು ಹೋದರೆ ಮೇಷ್ಟ್ರು ಸಿಟ್ಟಾಗುತ್ತಿರಲಿಲ್ಲ, ನಿಂತ ದೃಶ್ಯದ ಬಗ್ಗೆ ಮಾತು ಶುರು ಮಾಡುತ್ತಿದ್ದರು.

ಮೊದಲು ತೋರಿಸಿದ್ದು ಸತ್ಯಜಿತ್ ರಾಯ್ ಅವರ 1955ರ ಪಥೇರ್ ಪಾಂಚಾಲಿ. ಅದರ ಮುದುಕಿ ಇಂದಿರ್ ಠಾಕೂರಾಣಿಯಾಗಿ ನಟಿಸಿದ ಚುನಿಬಾಲಾ ದೇವಿ ಆಗ ಎಂಬತ್ತರ ಹತ್ತಿರದವರು. ಅವರ ಬಾಗಿದ ಬೆನ್ನು, ಹಲ್ಲಿಲ್ಲದ ನಗು ನೋಡಿ ನಾವೆಲ್ಲ ಅತ್ತೆವು. ಅಭಿನಯ ಅಂದರೆ ಇದು, ಮಾಡಿದ್ದೇ ಗೊತ್ತಾಗಬಾರದು ಅಂತ ನಾನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಎರಡು ವಾರ ಬಿಟ್ಟು ಕುರೋಸಾವಾ ಅವರ ಜಪಾನಿ ಸಿನಿಮಾ ಬಂತು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಜಪಾನಿನ ಹಳೆಯ ಯುದ್ಧಕಾಲಕ್ಕೆ ಒಗ್ಗಿಸಿ 1957ರಲ್ಲಿ ತೆಗೆದದ್ದು. ಅದರಲ್ಲಿ ತೊಶಿರೊ ಮಿಫುನೆ ಕಣ್ಣು ಹಿಗ್ಗಿಸುತ್ತಾರೆ, ಗರ್ಜಿಸುತ್ತಾರೆ, ಉಸಿರನ್ನು ಸದ್ದು ಮಾಡಿ ಬಿಡುತ್ತಾರೆ. ಹೆಂಡತಿಯಾದ ಇಸುಜು ಯಮಾಡಾ ಇದಕ್ಕೆ ತದ್ವಿರುದ್ಧ. ಕೂತಲ್ಲಿ ಕೂತೇ ಇರುತ್ತಾರೆ, ಮುಖ ಅಲ್ಲಾಡುವುದಿಲ್ಲ. ಕೋಣೆಯಲ್ಲಿ ನಗು ಎದ್ದಿತು. ಮೇಷ್ಟ್ರು ಕ್ಯಾಸೆಟ್ ನಿಲ್ಲಿಸಿ, 'ಏನಮ್ಮ, ಏನನ್ನಿಸ್ತು?' ಅಂತ ನನ್ನನ್ನೇ ಕೇಳಿದರು.

'ಅವನದು ಓವರ್ ಆ್ಯಕ್ಟಿಂಗ್ ಸರ್, ಅವಳದು ಆ್ಯಕ್ಟಿಂಗೇ ಅಲ್ಲ.'

ಅವರು ಗದರಲಿಲ್ಲ. 'ಯಾವ ಸೇರಿನಿಂದ ಅಳೆದೆ ಇದನ್ನ? ಎಣ್ಣೆ ಅಳೆಯೋ ಪಾವಿನಲ್ಲಿ ಬಟ್ಟೆ ಅಳೆದಂಗಾಯ್ತು' ಎಂದವರೇ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಒಂದು ದೃಶ್ಯವನ್ನು ಮೂರು ಸಲ ತೋರಿಸಿದರು. ಕಾವಲುಗಾರರಿಗೆ ಕುಡಿಸಲು ಮದ್ದು ಬೆರೆಸಿದ ಮದ್ಯ ತರಲೆಂದು ಅವಳು ಎದ್ದು, ಬಾಗಿಲಾಚೆಯ ಕತ್ತಲಿಗೆ ನಡೆದುಹೋಗುತ್ತಾಳೆ. ಕತ್ತಲು ಅವಳನ್ನು ನುಂಗುತ್ತದೆ. ಸಂಗೀತವಿಲ್ಲ, ರೇಷ್ಮೆ ನೆಲಕ್ಕೆ ಒರೆಯುವ ಸರಸರ ಸದ್ದೊಂದೇ. ಆಮೇಲೆ ಅದೇ ಕತ್ತಲೊಳಗಿಂದ ಮಡಕೆ ಹಿಡಿದು ಬರುತ್ತಾಳೆ. ಹೆಜ್ಜೆ ಎತ್ತಿಡುವುದೇ ಕಾಣದು, ಮೈ ತೇಲಿ ಬಂದ ಹಾಗೆ. ಮೂರನೇ ಸಲಕ್ಕೆ ಕೋಣೆಯಲ್ಲಿ ಒಬ್ಬರೂ ನಗಲಿಲ್ಲ.

ಅದು ಜಪಾನಿನ ನೋ ರಂಗಭೂಮಿಯ ನಡಿಗೆ ಎಂದು ಆಮೇಲೆ ವಿವರಿಸಿದರು. ನೋ ಆಟದಲ್ಲಿ ಮುಖ್ಯ ನಟ ಮರದ ಮುಖವಾಡ ಹಾಕುತ್ತಾನೆ. ಕೆತ್ತಿದ ಮುಖ ಬದಲಾಗುವಂತಿಲ್ಲ. ಆದರೆ ಅದನ್ನು ಒಂದಿಷ್ಟು ಮೇಲಕ್ಕೆತ್ತಿದರೆ ಬೆಳಕು ಬಿದ್ದು ನಗುಮುಖ, ತುಸು ಕೆಳಕ್ಕೆ ಬಾಗಿಸಿದರೆ ನೆರಳು ಕವಿದು ಅಳುಮುಖ. ಕುರೋಸಾವಾ ತಮ್ಮ ನಟರಿಗೆ ಇಂಥ ಮುಖವಾಡಗಳ ಚಿತ್ರ ತೋರಿಸಿ, ಈ ಮುಖವನ್ನು ಇಟ್ಟುಕೊಳ್ಳಿ ಎಂದಿದ್ದರಂತೆ. ಇನ್ನೊಂದು ಜಪಾನಿ ಪ್ರಕಾರ ಕಬುಕಿ. ಅಲ್ಲಿ ಭಾವ ನೆತ್ತಿಗೇರಿದಾಗ ನಟ ಕಣ್ಣು ತಿರುಗಿಸಿ ಭಂಗಿ ಹಿಡಿದು ಕಲ್ಲಿನಂತೆ ನಿಂತುಬಿಡುತ್ತಾನೆ. ಅದೇ ಗಳಿಗೆಗೆ ಬದಿಯಲ್ಲಿ ಕೂತವನು ಮರದ ತುಂಡುಗಳನ್ನು ಹಲಗೆಗೆ ಬಡಿಯುತ್ತಾನೆ, ಜನರ ನಡುವಿನಿಂದ ಬಲ್ಲವರು ನಟನ ಮನೆತನದ ಹೆಸರು ಕೂಗುತ್ತಾರೆ.

ಮೇಷ್ಟ್ರು ಇದನ್ನು ಹೇಳುತ್ತಿದ್ದಾಗ ನನಗೆ ಮೈ ಜುಮ್ಮೆಂದಿತು. ಕಣ್ಣು ತಿರುಗಿಸಿ ನಿಲ್ಲುವುದು, ಅದಕ್ಕೆ ಸರಿಯಾಗಿ ಬೀಳುವ ಪೆಟ್ಟು, ಮೆಚ್ಚಿದವರ ಕೂಗು, ಇದನ್ನೆಲ್ಲ ನಾನು ತೊಟ್ಟಿಲಲ್ಲಿದ್ದಾಗಿನಿಂದ ಕಂಡಿದ್ದೆ. ಕೋಣೆ ಖಾಲಿಯಾದ ಮೇಲೆ ಗೋಣಿಚೀಲ ಬಿಚ್ಚುತ್ತಾ, 'ಸರ್, ನಮ್ಮಪ್ಪ ದೊಡ್ಡಾಟದಾಗ ಕೀಚಕನ ಪಾತ್ರ ಮಾಡ್ತಾರೆ' ಎಂದೆ. ಮೇಷ್ಟ್ರು ಕೈಲಿದ್ದ ವೈರು ಕೆಳಗಿಟ್ಟು, 'ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ? ಆಟ ಯಾವತ್ತು?' ಎಂದರು.

ಯುಗಾದಿ ಕಳೆದ ಮೇಲೆ ವಿರಾಟಪರ್ವದ ಆಟವಿತ್ತು. ಸಂಜೆಯ ಬಸ್ಸಿಗೆ ಮೇಷ್ಟ್ರು ಬಂದರು, ಜತೆಗೆ ನಾಲ್ಕು ಜನ ಸಹಪಾಠಿಗಳು. ನಮ್ಮವ್ವ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ ಬಡಿಸಿದಳು. ಮೇಷ್ಟ್ರು ಊಟದ ಮನೆಗಿಂತ ಬಣ್ಣದ ಮನೆಯಲ್ಲೇ ಹೆಚ್ಚು ಹೊತ್ತು ಕೂತರು. ಅಪ್ಪನಿಗೆ ಎದೆಕಟ್ಟು, ಭುಜಕೀರ್ತಿ, ಕಿರೀಟ ಒಂದೊಂದಾಗಿ ಬಿಗಿಯುವುದನ್ನು ನೋಡುತ್ತಾ ನನ್ನನ್ನು ಕರೆದು ತೋರಿಸಿದರು. ಭುಜಕೀರ್ತಿ ಕಟ್ಟಿದ ಮೇಲೆ ಕತ್ತನ್ನಷ್ಟೇ ಹೊರಳಿಸಲು ಆಗುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ಅಪ್ಪ 'ಠೀವಿ'ಯಿಂದ ತಿರುಗುತ್ತಾರೆ ಎಂದು ಊರವರು ಹೊಗಳುತ್ತಿದ್ದರಲ್ಲ, ಆ ಠೀವಿಯ ಅರ್ಧಪಾಲು ಆ ಕಟ್ಟಿಗೆಯಲ್ಲಿತ್ತು. ಹದಿನೆಂಟು ವರ್ಷ ಆ ಮನೆಯಲ್ಲಿ ಬೆಳೆದ ನನಗೆ ಅದು ಕಂಡಿರಲಿಲ್ಲ.

ಆಟ ಶುರುವಾಯಿತು. ಇಬ್ಬರು ಅಡ್ಡ ಪರದೆ ಹಿಡಿದರು. ಪರದೆಯ ಮೇಲೆ ಕಿರೀಟದ ತುದಿ ಮಾತ್ರ ಕುಣಿಯುತ್ತಿತ್ತು, ಕೆಳಗೆ ಗೆಜ್ಜೆಗಾಲು. ಪರದೆ ಸರಿದಾಗ ಅಪ್ಪ ಕಣ್ಣು ಅಗಲಿಸಿ ಎಡದಿಂದ ಬಲಕ್ಕೆ ಇಡೀ ಬಯಲನ್ನು ಒಮ್ಮೆ ನೋಡಿದರು. ಅಟ್ಟ ಗಡಗಡ ಎಂದಿತು. ಅಟ್ಟದ ಮೇಲೆ ಪಾತ್ರಗಳನ್ನು ಮಾತಾಡಿಸುವ ಸಾರಥಿ ನಾಮಾಂಕಿತ, ಅಂದರೆ ಹೆಸರು, ಕೇಳಿದ, ಅಪ್ಪ ಹೇಳಿದರು. ಯಾರೋ ಅಟ್ಟ ಹತ್ತಿ ಬಂದು ಎದೆಗೆ ನೋಟು ಪಿನ್ನು ಮಾಡಿ ಹೋದರು. ಕೀಚಕ ನಿಂತು ಮಾಡಿಸಿಕೊಂಡ, ಮತ್ತೆ ಕೀಚಕನೇ ಆದ. ಇದರಿಂದ ಯಾರಿಗೂ ರಸಭಂಗವಾಗಲಿಲ್ಲ.

ಮೇಷ್ಟ್ರು ಹಿಡಿದದ್ದು ಬೇರೆಯದೇ ಗಳಿಗೆಯನ್ನು. ಸೈರಂಧ್ರಿ ಹೂವಿನ ಬುಟ್ಟಿ ಹಿಡಿದು ಮೊದಲ ಸಲ ಎದುರಾಗುತ್ತಾಳೆ. ಅಲ್ಲಿಯ ತನಕ ಗುಡುಗುತ್ತಿದ್ದ ಮದ್ದಳೆ ಅಲ್ಲಿ ನಿಂತಿತು. ಅಪ್ಪ ಮಾತಾಡಲಿಲ್ಲ, ಕುಣಿಯಲಿಲ್ಲ. ಮೀಸೆಗೆ ಹೋದ ಕೈ ಅಲ್ಲೇ ನಿಂತಿತು, ಆಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಷ್ಟೇ. ಸಾವಿರ ಜನ ಕೂತ ಬಯಲು ಉಸಿರು ಬಿಗಿಹಿಡಿದಿತ್ತು.

ಬೆಳಿಗ್ಗೆ ಬಣ್ಣ ತೊಳೆಯುತ್ತಿದ್ದ ಅಪ್ಪನನ್ನು ಮೇಷ್ಟ್ರು ಕೇಳಿದರು: 'ಕಣ್ಣು ಅಷ್ಟು ದೊಡ್ಡದು ಮಾಡೋದು ಯಾಕ್ರಿ?'

'ಕೊನೀ ಸಾಲಿನ ಮುದುಕಿಗೂ ಕಾಣಬೇಕಲ್ರಿ ಸರ. ಆಕಿ ಹಾಸಿಗಿ ಹೊತ್ಕಂಡು ಐದು ಮೈಲಿ ನಡದು ಬಂದಾಳ.'

'ಮತ್ತೆ ಸೈರಂಧ್ರಿ ಬಂದಾಗ ಮದ್ದಳೆ ನಿಂತದ್ದು?'

'ಅದು ಭಾಗವತರು ನನಗ ಬಿಟ್ಟುಕೊಟ್ಟ ಜಾಗ ರೀ.'

ವಾಪಸು ಬಂದವಳೇ ನಾನು ಇನ್ನೊಂದು ತುದಿಗೆ ಜಿಗಿದೆ. ದೊಡ್ಡಾಟವೇ ನಿಜವಾದ ಅಭಿನಯ, ಸಿನಿಮಾದವರು ಸುಮ್ಮನೆ ನಿಲ್ಲುತ್ತಾರೆ ಎಂದು ವಾದಿಸತೊಡಗಿದೆ. ಮೇಷ್ಟ್ರು ನಮ್ಮನ್ನು ರಾಘವ ಕಲಾಮಂದಿರಕ್ಕೆ ಕರೆದುಕೊಂಡು ಹೋದದ್ದು ಆ ದಿನಗಳಲ್ಲೇ. ನಾವು ದಿನಾ ಹಾದುಹೋಗುತ್ತಿದ್ದ ಕಟ್ಟಡ. ಬಳ್ಳಾರಿ ರಾಘವ ಅಂದರೆ ತಾಡಿಪತ್ರಿ ರಾಘವಾಚಾರ್ಯರು (1880–1946), ವೃತ್ತಿಯಿಂದ ವಕೀಲರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದವರು. ರಾಗವಾಗಿ ಪದ್ಯ ಎಳೆದು ಹಾಡಿ ಚಪ್ಪಾಳೆ ಗಿಟ್ಟಿಸುವುದೇ ನಟನೆ ಎಂದು ನಡೆಯುತ್ತಿದ್ದ ಕಾಲದಲ್ಲಿ ಅವರು ಮಾತಿನ ಭಾವಕ್ಕೆ ಬೆಲೆ ಕೊಟ್ಟರು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಲಿ ಎಂದರು, 1928ರ ಸುಮಾರಿಗೆ ಇಂಗ್ಲೆಂಡಿಗೂ ಹೋಗಿ ಅಲ್ಲಿನ ರಂಗಭೂಮಿ ನೋಡಿ ಬಂದರು. ಇದೇ ಊರಿನ ಇನ್ನೊಬ್ಬ ವಕೀಲರು, ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರು, 1908ರಷ್ಟು ಹಿಂದೆಯೇ ಜಗತ್ತಿನ ನಾಟಕದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ದೇಶದೇಶಗಳ ಆಟವನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಬುದ್ಧಿ ನಮಗೆ ಕ್ಯಾಸೆಟ್ಟಿನ ಜೊತೆ ಬಂದದ್ದಲ್ಲ, ಈ ಊರಿನದೇ ಎಂಬುದು ನನಗೆ ಅವತ್ತು ಗೊತ್ತಾಯಿತು. ಈಗಿನ ವಿದ್ಯಾರ್ಥಿಗಳೂ ಆ ಮಂದಿರದ ಮುಂದೆ ಒಂದು ಗಳಿಗೆ ನಿಲ್ಲಬೇಕೆಂದು ನನಗೆ ತುಂಬ ಆಸೆಯಿದೆ.

ನನ್ನ ಹಟಕ್ಕೆ ಮೇಷ್ಟ್ರು ಕೊಟ್ಟ ಮದ್ದು ಸರಳವಾಗಿತ್ತು. ಪತ್ರಿಕೆಯಿಂದ ಕತ್ತರಿಸಿದ ಒಂದು ಸಪ್ಪೆ ಮುಖದ ಫೋಟೋವನ್ನು ಹಲಗೆಯ ಮೇಲೆ ಅಂಟಿಸಿದರು. ಪಕ್ಕಕ್ಕೆ ಅನ್ನದ ತಟ್ಟೆಯ ಚಿತ್ರವಿಟ್ಟು, ಮುಖದಲ್ಲಿ ಏನು ಕಾಣುತ್ತದೆ ಬರೆಯಿರಿ ಎಂದರು. 'ಹಸಿವು' ಎಂದು ಬರೆದೆವು. ತಟ್ಟೆ ತೆಗೆದು ಸಮಾಧಿಯ ಚಿತ್ರ ಇಟ್ಟರು. 'ದುಃಖ' ಎಂದು ಬರೆದೆವು. ರಷ್ಯಾದ ಕುಲೆಶೊವ್ 1920ರ ಸುಮಾರಿಗೆ ಸಿನಿಮಾ ತುಣುಕುಗಳಲ್ಲಿ ಮಾಡಿದ ಪ್ರಯೋಗವಂತೆ ಅದು. ಕ್ಯಾಮೆರಾ ಅಂಗೈ ದೂರದಲ್ಲಿದ್ದಾಗ, ಪಕ್ಕದ ಚಿತ್ರವೂ ನಟನ ಪಾಲಿನ ಕೆಲಸ ಮಾಡುತ್ತಿರುವಾಗ, ಚುನಿಬಾಲಾ ದೇವಿ ಕೊನೆಯ ಸಾಲಿನವರೆಗೆ ಕಣ್ಣು ಅಗಲಿಸಬೇಕಿಲ್ಲ. ಮುದುಕಿ ನೋಡುಗರ ಮಡಿಲಲ್ಲೇ ಕೂತಿದ್ದಾಳೆ.

ಈಗ ನಾನು ಕೊಪ್ಪಳ ಜಿಲ್ಲೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇದೇ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಮಕ್ಕಳಿಗೆ ತೊಗಲುಗೊಂಬೆಯಾಟದ ಬಗ್ಗೆ ಹೇಳುತ್ತಾ ಆ ಸಪ್ಪೆ ಮುಖದ ಫೋಟೋ ನೆನಪಾಯಿತು. ತೊಗಲಿನಲ್ಲಿ ಕೊರೆದ ಮುಖವೂ ಬದಲಾಗದು. ಆಡಿಸುವವರ ದನಿ, ದೀಪ, ಪರದೆಗೆ ಗೊಂಬೆ ಎಷ್ಟು ಹತ್ತಿರ ಎಂಬುದು, ಇವೇ ಅದನ್ನು ಅಳಿಸುತ್ತವೆ, ನಗಿಸುತ್ತವೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಮಾತನ್ನು ನಾನು ಈಗ ಪೂರ್ತಿ ಒಪ್ಪಲಾರೆ. ನಾಟ್ಯಶಾಸ್ತ್ರದ ಲೋಕಧರ್ಮಿ (ದಿನದ ಬದುಕಿನಂತೆ ಆಡುವುದು), ನಾಟ್ಯಧರ್ಮಿ (ರಂಗದ ಕಟ್ಟಳೆಯಂತೆ ಆಡುವುದು) ಎಂಬೆರಡು ಮಾತುಗಳಲ್ಲಿ ಜಗತ್ತಿನ ಎಲ್ಲ ಅಭಿನಯವನ್ನೂ ಹಂಚಿಬಿಡಬಹುದು ಎಂದು ಅವರು ನಂಬಿದ್ದರು. ಹೋಲಿಕೆ ಕಂಡಾಗ ಖುಷಿಯಾಗುತ್ತದೆ ನಿಜ. ಆದರೆ ನೋ ನಟನ ನಿಶ್ಚಲತೆಯೂ ನಮ್ಮ ಕೀಚಕನ ಗರ್ಜನೆಯೂ ಎರಡೂ 'ನಾಟ್ಯಧರ್ಮಿ' ಎಂದು ಒಂದೇ ಚೀಲಕ್ಕೆ ಹಾಕಿದರೆ ಎರಡರ ರುಚಿಯೂ ಹೋಗುತ್ತದೆ. 1935ರಲ್ಲಿ ಚೀನಾದ ಮಹಾನಟ ಮೇ ಲಾನ್‌ಫಾಂಗ್ ಮಾಸ್ಕೋದಲ್ಲಿ ಅಭಿನಯಿಸಿದ್ದನ್ನು ಜರ್ಮನಿಯ ಬ್ರೆಕ್ಟ್ ನೋಡಿದರು. ನಟ ಪಾತ್ರದಿಂದ ದೂರ ನಿಂತು ಪಾತ್ರವನ್ನು ತೋರಿಸುತ್ತಾನೆ ಎಂದು ಅವರಿಗೆ ಅನ್ನಿಸಿತು, ಅದರಿಂದ ಅವರ ರಂಗಚಿಂತನೆಗೆ ದೊಡ್ಡ ಬಲ ಬಂತು. ಆದರೆ ಚಿಕ್ಕಂದಿನಿಂದ ಆ ಆಟ ನೋಡಿದ ಚೀನಾದವನಿಗೆ, ಕೈಯಲ್ಲಿ ಬರಿ ಚಾವಟಿ ಹಿಡಿದು ಬಂದವನು ಕುದುರೆ ಏರಿಯೇ ಬಂದಿದ್ದಾನೆ. ದೂರ ಇದ್ದದ್ದು ನೋಡಿದವರ ಕಣ್ಣಿನಲ್ಲಿ. ನೋಟು ಪಿನ್ನು ಮಾಡಿಸಿಕೊಂಡ ಕೀಚಕ ನಮ್ಮೂರಿನವರಿಗೆ ಕೀಚಕನಾಗಿಯೇ ಉಳಿದದ್ದೂ ಹೀಗೆಯೇ. ಮೇಷ್ಟ್ರು ಇದ್ದಿದ್ದರೆ ಈ ವಾದವನ್ನು ಅವರ ಮುಂದಿಟ್ಟು ಒಂದು ಸಂಜೆ ಜಗಳ ಆಡುತ್ತಿದ್ದೆ.

ಕೊನೆಯ ವರ್ಷ, ಪರೀಕ್ಷೆಗೆ ತಿಂಗಳಿತ್ತು. ಗೊಬ್ಬರ ಕೊಳ್ಳಲು ಬಳ್ಳಾರಿಗೆ ಬಂದಿದ್ದ ಅಪ್ಪ ನನ್ನನ್ನು ನೋಡಲು ಕಾಲೇಜಿಗೆ ಬಂದರು. ಮೇಷ್ಟ್ರು ಅವರನ್ನು ಬಿಡಲಿಲ್ಲ. ಕೋಣೆಗೆ ಕರೆದೊಯ್ದು, ಚಹಾ ತರಿಸಿ, ಆ ಜಪಾನಿ ಕ್ಯಾಸೆಟ್ ಹಾಕಿದರು. ಅಪ್ಪನಿಗೆ ಭಾಷೆ ತಿಳಿಯದು, ಕೆಳಗಿನ ಇಂಗ್ಲಿಷ್ ಅಕ್ಷರ ಓದಲು ಬಾರದು. ಟವೆಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಮಿಫುನೆ ಗರ್ಜಿಸಿದಾಗ ಹೂಂ ಎಂದು ತಲೆ ಆಡಿಸಿದರು. ಅವಳು ಎದ್ದು ಕತ್ತಲಿಗೆ ನಡೆದಾಗ ಮುಂದಕ್ಕೆ ಬಾಗಿದರು. ಮಡಕೆ ಹಿಡಿದು ಹೊರಬಂದಾಗ, 'ಈಕಿಗೆ ನಡಿಯಾಕ ಕಲಿಸಿದವ್ರು ಯಾರ್ರಿ ಸರ?' ಎಂದರು.

ಮೇಷ್ಟ್ರು ಆರುನೂರು ವರ್ಷದ ಹಿಂದಿನ ನೋ ಗುರು ಜೆಯಾಮಿಯ ಹೆಸರು ಹೇಳಿದರು. ಮನಸ್ಸು ಹತ್ತು ಪಾಲು ಆಡಿದರೆ ಮೈಯನ್ನು ಏಳು ಪಾಲು ಮಾತ್ರ ಆಡಿಸು ಎಂದು ಅವನು ನಟರಿಗೆ ಬರೆದಿಟ್ಟಿದ್ದನ್ನು ವಿವರಿಸಿದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು.

'ನಮ್ ಬಯಲಾಗ ಅದು ನಡಿಯಂಗಿಲ್ರಿ ಸರ. ನಮಗ ಮನಸು ಹತ್ತಿದ್ರ ಮೈ ಹನ್ನೆರಡಾಗಬೇಕು.' ಚಹಾದ ಲೋಟ ಕೆಳಗಿಟ್ಟು, ಮೀಸೆಯ ಹತ್ತಿರ ಕೈ ಒಯ್ದು, ಅಲ್ಲೇ ನಿಲ್ಲಿಸಿದರು. 'ಆದ್ರ ಸೈರಂಧ್ರಿ ಮುಂದ ಏಳೇ ಖರೆ.'

ಮೇಷ್ಟ್ರು ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ತಿರುಗಿಸಿದರು. ಅಪ್ಪನಿಗೆ ಅವತ್ತು ಐದು ಗಂಟೆಯ ಬಸ್ಸು ತಪ್ಪಿತು.