ಇಗ್ವಾನಾಗೆ ಟಿವಿ ಯೂನಿಟ್ ಮಾಡಿಕೊಟ್ಟಿದ್ದೆ

ಮಾಗಡಿ ರೋಡಿನಲ್ಲಿ ನಂದೊಂದು ಸಣ್ಣ ಮರಗೆಲಸದ ಅಂಗಡಿ. ವಾರ್ಡ್‌ರೋಬ್, ಅಡುಗೆಮನೆ, ಟಿವಿ ಯೂನಿಟ್, ದೇವರ ಮಂಟಪ, ಇಷ್ಟೇ ನಮ್ಮ ಲೋಕ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದು, "ಅಣ್ಣಾ, ನಮ್ಮ ಇಗ್ವಾನಾಗೆ ಒಂದು ಗೂಡು ಮಾಡಿಕೊಡ್ತೀರಾ?" ಅಂದ. ಮೊಬೈಲಲ್ಲಿ ಫೋಟೋ ತೋರಿಸಿದ. ಒಂದೂವರೆ ಅಡಿಯ ಹಸಿರು ಓತಿಕ್ಯಾತ. ಇದಕ್ಕೇನು ಮಹಾ ಅಂತ ಒಪ್ಪಿಕೊಂಡೆ.

ನೋಡೋಕೆ ಚೆನ್ನಾಗೇ ಬಂತು. ನಾಲ್ಕಡಿ ಉದ್ದ, ಎರಡಡಿ ಎತ್ತರ, ತೇಗದ ಬಣ್ಣದ ಮೈಕಾ, ಮುಂದೆ ಸ್ಲೈಡಿಂಗ್ ಗ್ಲಾಸ್. ಅವನು ತಂದಿದ್ದ ಯುವಿಬಿ ಟ್ಯೂಬನ್ನು (ಬಿಸಿಲಿನಲ್ಲಿರೋ ಅತಿನೇರಳೆ ಕಿರಣ ಕೊಡುವ ದೀಪ) ಒಳಗೆ ಹಾಕಿದರೆ ವೈರ್ ಕಾಣುತ್ತೆ ಅಂತ ಮೇಲೊಂದು ಗ್ಲಾಸ್ ಕೂರಿಸಿ, ಟ್ಯೂಬನ್ನು ಅದರ ಹೊರಗೆ ಹಾಕಿದೆ. ಒಳಗೆಲ್ಲ ಝಗಮಗ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದ್ದೆ.

ಏಳೆಂಟು ತಿಂಗಳಿಗೆ ಫೋನ್ ಬಂತು. ಹುಡುಗ ಬಯ್ಯಲಿಲ್ಲ, ಅದಕ್ಕೇ ಜಾಸ್ತಿ ಬೇಜಾರಾಯಿತು. ಹೋಗಿ ನೋಡಿದರೆ ಇಗ್ವಾನಾದ ಕೆಳದವಡೆ ಊದಿತ್ತು. ಹಿಂಗಾಲು ಎತ್ತಿ ಇಡುವಾಗ ಸಣ್ಣಗೆ ನಡುಗುತ್ತಿತ್ತು. ಡಾಕ್ಟರು ಮೂಳೆ ಮೆತ್ತಗಾಗಿದೆ ಅಂದಿದ್ದರಂತೆ. ಯುವಿಬಿ ಮೈಮೇಲೆ ಬಿದ್ದರೆ ಅದರ ದೇಹ ಡಿ3 ವಿಟಮಿನ್ ಮಾಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಎಷ್ಟು ಸೊಪ್ಪು ತಿಂದರೂ ಕ್ಯಾಲ್ಸಿಯಂ ಮೈಗೆ ಹತ್ತೋದಿಲ್ಲ. ಮಾಮೂಲಿ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಬೆಳಕು ಮಾತ್ರ ಒಳಗೆ ಹೋಗ್ತಿತ್ತು ಅಷ್ಟೇ. ಇನ್ನೊಂದು ಕಡೆ ದಿನಾ ನೀರು ಸಿಂಪಡಿಸಿ ಸಿಂಪಡಿಸಿ ತಳದ ಪ್ಲೈವುಡ್ ಪೂರಿ ಥರ ಉಬ್ಬಿತ್ತು.

"ಕೂಲಿ ಬೇಡ ಸರ್, ಮೆಟೀರಿಯಲ್ ದುಡ್ಡು ಕೊಡಿ, ಬೇರೆ ಮಾಡ್ತೀನಿ" ಅಂದೆ. ಈ ಸಲ ಗೋಡೆಗಿಂತ ಮೊದಲು ಪ್ರಾಣಿಗೇ ಟೇಪ್ ಹಿಡಿದೆ. ಬಾಲದಿಂದ ಮಣಿಕಟ್ಟಿಗೆ ಒಂದು ಬಿಟ್ಟಿತು ನೋಡಿ, ಬೆತ್ತದ ಏಟಿನ ಹಾಗೆ ಬಾಸುಂಡೆ ಎದ್ದಿತು. ಆಗಲೇ ಮೂರಡಿ ಹತ್ತಿರ ಬಂದಿತ್ತು, ಅದರಲ್ಲಿ ಮುಕ್ಕಾಲುವಾಸಿ ಬಾಲವೇ. ಪೂರ್ತಿ ಬೆಳೆದರೆ ಐದಾರು ಅಡಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರದ ಮೇಲೆ ಇರುವ ಪ್ರಾಣಿ ಇದು. ಅದಕ್ಕೆ ಉದ್ದಕ್ಕಿಂತ ಎತ್ತರ ಮುಖ್ಯ.

ಹೊಸದು ಆರಡಿ ಅಗಲ, ಆರಡಿ ಎತ್ತರ, ಮೂರಡಿ ಆಳ. ವಾಟರ್‌ಪ್ರೂಫ್ ಪ್ಲೈ, ಸಂದಿಗೆಲ್ಲ ಅಕ್ವೇರಿಯಂ ಸಿಲಿಕೋನ್, ತಳಕ್ಕೆ ಎಳೆದು ತೊಳೆಯೋ ಸ್ಟೀಲ್ ಟ್ರೇ. ಟ್ಯೂಬ್ ಒಳಗೇ, ಕೊಂಬೆಯ ನೇರ ಮೇಲೆ, ಮಧ್ಯೆ ಗಾಜಿಲ್ಲ. ಬಿಸಿ ಬಲ್ಬು ಒಂದೇ ಪಕ್ಕಕ್ಕೆ, ಸುತ್ತ ತಂತಿಯ ಪಂಜರ. ಇಲ್ಲದಿದ್ದರೆ ಇಗ್ವಾನಾಗಳು ಬಲ್ಬಿಗೆ ಒರಗಿ ಸುಟ್ಟುಕೊಳ್ಳುತ್ತವೆ. ಕೊಂಬೆ ಸೀಬೆ ಮರದ್ದು, ಪ್ರಾಣಿಯ ಹೊಟ್ಟೆಯಷ್ಟು ದಪ್ಪ, ಹೊರಗಿನಿಂದ ಬೋಲ್ಟ್ ಹಾಕಿ ಬಿಗಿದಿದ್ದೆ. ಆ ಕೊಂಬೆಯ ಎತ್ತರ ಸರಿಮಾಡೋದರಲ್ಲೇ ಅರ್ಧ ದಿನ ಹೋಯಿತು. ಥರ್ಮಾಮೀಟರ್ ಗನ್ ಹಿಡಿದು ನೋಡಿದರೆ ಮೊದಲ ಸಲ 46 ಡಿಗ್ರಿ. ಬೇಕಾಗಿದ್ದು 35ರಿಂದ 38. ಬೋಲ್ಟಿನ ಹಳೆ ಎರಡು ತೂತು ಮುಚ್ಚಿ, ಕೊಂಬೆಯನ್ನು ನಾಲ್ಕಿಂಚು ಇಳಿಸಿದೆ. ಆ ಕಡೆ ಮೂಲೆ 27ರಲ್ಲಿ ತಣ್ಣಗಿರಬೇಕು, ಬೇಕಾದಾಗ ಅದೇ ಎದ್ದು ಹೋಗಬೇಕಲ್ವಾ?

ನಮ್ಮ ಬೆಂಗಳೂರಿನ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್, ಥರ್ಮೋಸ್ಟಾಟ್ ಹಾಕಿದೆವು. ಎಲೆಕ್ಟ್ರಿಷಿಯನ್ ಪ್ಲಾಸ್ಟಿಕ್ ಹೋಲ್ಡರ್ ತಂದಿದ್ದ, ವಾಪಸ್ ಕಳಿಸಿ ಪಿಂಗಾಣಿಯದ್ದು ತರಿಸಿದೆ. ಪ್ಲಾಸ್ಟಿಕ್ ಆ ಕಾವಿಗೆ ಕರಗುತ್ತದೆ. ಅಂಟಿನ ವಾಸನೆ ಹೋಗಲಿ ಅಂತ ಎರಡು ವಾರ ಬಾಗಿಲು ತೆರೆದಿಟ್ಟ ಮೇಲೇ ಪ್ರಾಣಿಯನ್ನು ಬಿಟ್ಟಿದ್ದು.

ಬಿಟ್ಟ ದಿನ ಅರ್ಧ ಗಂಟೆ ಕೆಳಗೇ ಕೂತಿತ್ತು. ಆಮೇಲೆ ನಿಧಾನಕ್ಕೆ ಕೊಂಬೆ ಹತ್ತಿ, ಬಲ್ಬಿನ ಕೆಳಗೆ ಹೊಟ್ಟೆ ಚಪ್ಪಟೆ ಮಾಡಿಕೊಂಡು, ಕಣ್ಣು ಮುಚ್ಚಿತು. ಬಾಲ ಉದ್ದಕ್ಕೂ ನೇತಾಡುತ್ತಿತ್ತು. ಹಳೆಯದರಲ್ಲಿ ಅದನ್ನು ಮೂಲೆಗೆ ಮಡಚಿಕೊಂಡೇ ಇರುತ್ತಿತ್ತಂತೆ. ದವಡೆಯ ಊತ ಔಷಧಿಯಲ್ಲಿ ಇಳಿಯಿತು, ಆಕಾರ ಮಾತ್ರ ಸ್ವಲ್ಪ ಸೊಟ್ಟಗೇ ಉಳಿದಿದೆ.

ಈಗ ಇಂಥ ಆರ್ಡರ್ ಆಗಾಗ ಬರುತ್ತವೆ. ಉಡ, ನಕ್ಷತ್ರ ಆಮೆ ಅಂದರೆ ಕೈ ಮುಗಿದು ಕಳಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಇಗ್ವಾನಾ ಥರದ ಹೊರದೇಶದವಕ್ಕೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ ನೋಂದಣಿ ಕೇಳುತ್ತೇನೆ.

ಆ ಹಳೆ ಗೂಡು ನಮ್ಮ ಅಂಗಡಿಯಲ್ಲೇ ಇದೆ. ಹಿಂಜ್, ಸ್ಕ್ರೂ ಡಬ್ಬಗಳನ್ನು ಇಟ್ಟಿದ್ದೇವೆ. ತಳ ಉಬ್ಬಿರೋದರಿಂದ ಡಬ್ಬಗಳು ಈಗಲೂ ಓರೆಯಾಗೇ ನಿಲ್ಲುತ್ತವೆ.