ಹಬ್ಬವಿಲ್ಲದ ದಿನದ ಹುಗ್ಗಿ

ಜುಲೈ 9, 2023, ಭಾನುವಾರ
ಬೆಳಗಾವಿ, ರಾತ್ರಿ

"ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಇವತ್ಯಾಕ ಹುಗ್ಗಿ?" ಅಂತ ಅವ್ವ ಫೋನಿನಲ್ಲಿ ಕೇಳಿದಳು.

"ಮಳಿ ಹತ್ತೈತಿ ಬೇ. ಬಿಸಿಬಿಸಿ ಏನರ ಸಿಹಿ ತಿನ್ಬೇಕನಿಸ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೂಂ, ನಿಮ್ಮಲ್ಲಿ ಹತ್ತೈತಿ" ಅಂದಳು.

ಅಷ್ಟೇ ಅಂದಿದ್ದು. ಬೈದಿದ್ದಲ್ಲ, ಚುಚ್ಚಿದ್ದೂ ಅಲ್ಲ. ಆದರೂ ಸಂಜೆಯಿಂದ ಆ ಮಾತು ತಲೆಯಿಂದ ಹೋಗ್ತಾ ಇಲ್ಲ.

ಇಲ್ಲಿ ಜಿಟಿಜಿಟಿ ಹಿಡಿದುಬಿಟ್ಟಿದೆ. ಬಟ್ಟೆ ಫ್ಯಾನಿನ ಕೆಳಗೆ ಹರವಿದರೂ ಹಸಿ ವಾಸನೆ. ಡಬ್ಬಿಯಲ್ಲಿದ್ದ ಉಪ್ಪು ನೀರೊಡೆದಿದೆ. ಇಂಥ ದಿನ ಎಲ್ಲರೂ ಭಜಿ, ಚಹಾ ಅಂತಾರೆ. ನನಗೆ ಮಾತ್ರ ಬಿಸಿ ಸಿಹಿಯೇ ಬೇಕು. ನಿನ್ನೆ ಇವರು ಕುಂದಾ ತಂದಿದ್ದರು, ಪೊಟ್ಟಣ ಇನ್ನೂ ಬೆಚ್ಚಗಿತ್ತು. ಕುಂದಾ ತಿನ್ನಬೇಕಾದ್ದೇ ಹಾಗೆ. ಹಾಲನ್ನು ಗಂಟೆಗಟ್ಟಲೆ ಕುದಿಸಿ, ಒಡೆಸಿ, ಸಕ್ಕರೆ ಹಾಕಿ ಕಂದು ಬಣ್ಣ ಬರೋವರೆಗೂ ಮಗುಚಿ ಮಾಡಿದ ಸಿಹಿ ಅದು. ಫ್ರಿಜ್ಜಿನಲ್ಲಿಟ್ಟರೆ ಆ ಕೆಂಪಗೆ ಕಾಯ್ದ ಹಾಲಿನ ಘಮ ಎಲ್ಲಿ ಉಳಿಯುತ್ತೆ? ಆದರೆ ಕುಂದಾ ಎರಡು ಚಮಚಕ್ಕೆ ಸಾಕಾಗುತ್ತೆ. ಹುಗ್ಗಿ ಹೊಟ್ಟೆ ತುಂಬಾ ತಿನ್ನೋದು.

ಹುಗ್ಗಿಗೆ ಹಾಕಿದ ಗೋದಿ ಅವ್ವನೇ ಕಳಿಸಿದ್ದು. ಸದಕ, ಅಂದರೆ ಜವೆಗೋದಿ. ಇದರ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತೆ, ಸುಲಭಕ್ಕೆ ಬಿಡೋದಿಲ್ಲ. ನೀರು ಚಿಮುಕಿಸಿ, ಒಳ್ಳಿಗೆ, ಅಂದರೆ ಒರಳಿಗೆ, ಹಾಕಿ ಕುಟ್ಟಿ, ಒಣಗಿಸಿ, ಕೇರಬೇಕು. ಅವ್ವ ಅಷ್ಟೆಲ್ಲ ಮಾಡಿ ಚೀಲ ಕಟ್ಟಿ ಕಳಿಸುತ್ತಾಳೆ. ನನ್ನದು ರಾತ್ರಿ ನೆನೆಹಾಕಿ ಕುಕ್ಕರಿಗೆ ಇಡೋ ಕೆಲಸ ಅಷ್ಟೇ. ಬೆಂದ ಕಾಳನ್ನು ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಜಾರಬೇಕು. ಅಲ್ಲಿವರೆಗೂ ಬೆಲ್ಲ ಮುಟ್ಟಬಾರದು. ಬೆಲ್ಲ ಮೊದಲೇ ಬಿದ್ದರೆ ಕಾಳು ಬೇಯೋದು ಅಲ್ಲಿಗೇ ನಿಲ್ಲುತ್ತೆ, ಆಮೇಲೆ ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುತ್ತೆ. ಮಹಾಲಿಂಗಪುರದ ಬೆಲ್ಲ ಇತ್ತು. ಒಂದು ವಾಟಿ ಗೋದಿಗೆ ಒಂದೂವರೆ ವಾಟಿ ಹಾಕಿದೆ. ಮೇಲೆ ಹುರಿದ ಗಸಗಸಿ, ಒಣಕೊಬ್ಬರಿ, ಯಾಲಕ್ಕಿ, ಚೂರು ಜಾಜಿಕಾಯಿ. ಮಳೆಗೆ ಅಂತ ಒಣಶುಂಠಿ ಸ್ವಲ್ಪ ಜಾಸ್ತಿ. ಹುಗ್ಗಿ ದಪ್ಪ ಆಗ್ತಾ ಬಂದ ಹಾಗೆ ಗುಳ್ಳೆ ನಿಧಾನ ಏಳುತ್ತೆ, ಒಡೆದಾಗ ಪುಸ್ ಅಂತ ಬೆಲ್ಲದ ಹಬೆ ಮುಖಕ್ಕೆ ಬಡಿಯುತ್ತೆ. ಅಡುಗೆಮನೆ ಬಿಟ್ಟು ಬರೋ ಮನಸ್ಸೇ ಆಗಲಿಲ್ಲ.

ಹಾಲು ಮಾತ್ರ ಕುದಿಯೋ ಬೆಲ್ಲಕ್ಕೆ ಹಾಕುವಂತಿಲ್ಲ, ಒಡೆದುಹೋಗುತ್ತೆ. ತಾಟಿಗೆ ಬಡಿಸಿದ ಮೇಲೇ. ಮಗಳು ನಡುವೆ ಗುಂಡಿ ಮಾಡಿ ಅದರ ತುಂಬ ತುಪ್ಪ, ಸುತ್ತಲೂ ಹಾಲು ಹಾಕಿಕೊಂಡು ಉಂಡಳು. ಮಾತಿಲ್ಲದೆ ಉಂಡಳು. ಅವಳು ಮಾತಿಲ್ಲದೆ ಊಟ ಮಾಡಿದ್ದು ನಾನು ನೋಡಿದ್ದೇ ಕಡಿಮೆ!

ಆಗಲೇ ಅವ್ವನಿಗೆ ಫೋನ್ ಮಾಡಿದ್ದು, ಗೋದಿ ಚೊಲೋ ಬೆಂದಿದೆ ಅಂತ ಹೇಳೋಕೆ.

ವಿಜಯಪುರದ ಕಡೆ ನಮ್ಮೂರಲ್ಲಿ ಮಿರಗ ಮಳೆ ಹೋಯಿತು, ಆರಿದ್ರಿ ಮಳೆ ಹೋಯಿತು, ಬಿತ್ತೋಕೆ ಬೇಕಾದ ಹದ ಮಳೆ ಆಗಿಲ್ಲ. ಮೋಡ ಬರುತ್ತೆ, ಗಾಳಿ ಬೀಸುತ್ತೆ, ಮೋಡ ಹೋಗುತ್ತೆ. ಅಣ್ಣ ತೊಗರಿ ಬೀಜ ತಂದಿಟ್ಟು ಕೂತಿದ್ದಾನೆ. ಇಲ್ಲಿಂದ ವಿಜಯಪುರ 200 ಕಿ.ಮೀ. ಚಿಲ್ಲರೆ. ಅಲ್ಲಿ ವರ್ಷವಿಡೀ ಬೀಳೋ ಮಳೆ 600 ಮಿ.ಮೀ. ಮುಟ್ಟಿದರೆ ದೊಡ್ಡದು, ಇಲ್ಲಿ ಸುಮಾರು ಅದರ ಎರಡರಷ್ಟು. ಲೆಕ್ಕ ಗೊತ್ತಿದ್ದದ್ದೇ. ಆದರೆ ಕೈಯಲ್ಲಿ ಬಿಸಿ ಬಟ್ಟಲು ಹಿಡಿದು ಅವ್ವನ ದನಿ ಕೇಳುವಾಗ ಅದೇ ಲೆಕ್ಕ ಬೇರೆ ಥರ ಕೇಳಿಸುತ್ತೆ.

"ನೆನಪೈತೇನ ನಿನಗ, ಹದ ಮಳಿ ಆದ ದಿನ ಸಜ್ಜಕ ಮಾಡತಿದ್ದೆ" ಅಂದಳು ಅವ್ವ.

ನೆನಪಿಲ್ಲದೆ ಏನು. ಅಪ್ಪ ಹೊಲದಿಂದ ಮೊಳಕಾಲುದ್ದ ಕೆಸರು ಮಾಡಿಕೊಂಡು ಬರುತ್ತಿದ್ದ. ಬಾಗಿಲಲ್ಲೇ ನಿಂತು "ಆತು, ನಾಳೆ ಕೂರಿಗಿ ಹೂಡೋದ" ಅನ್ನುತ್ತಿದ್ದ. ಅವ್ವ ಆಗಲೇ ರವಾ ಹುರಿಯೋಕೆ ಇಡುತ್ತಿದ್ದಳು. ಹುಗ್ಗಿಗೆಲ್ಲ ಹೊತ್ತೆಲ್ಲಿ? ಬೆಳಗ್ಗೆ ಬಿತ್ತಬೇಕು. ಬೆಲ್ಲದ ನೀರು ಕುದಿಸಿ, ಹುರಿದ ರವಾ ಬಿಟ್ಟು, ತೆಳ್ಳಗೆ ಇಳಿಸಿದರೆ ಆಯಿತು. ಹಾಲು ಹಾಕಿಕೊಂಡು ಉಣ್ಣೋದು. ಹುಗ್ಗಿ ಜಾತ್ರೆಗೆ, ಮದುವೆಗೆ. ಸಜ್ಜಕ ಮಳೆಗೆ. ನಮ್ಮ ಮನೆಯಲ್ಲಿ ಮಳೆ ಬಂತು ಅಂತ ಸಿಹಿ ಮಾಡುತ್ತಿದ್ದರು. ಇಲ್ಲಿ ನಾನು ಮಳೆ ನಿಲ್ಲಲಿಲ್ಲ ಅಂತ ಮಾಡ್ತಾ ಇದ್ದೀನಿ.

ಮಾರ್ಕಂಡೇಯ ನದಿ ಕೆಂಪಾಗಿ ಹರಿಯೋದನ್ನು ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಈ ನೀರು ಗೋಕಾಕದ ಹತ್ತಿರ ಘಟಪ್ರಭೆ ಸೇರುತ್ತೆ, ಘಟಪ್ರಭೆ ಕೃಷ್ಣೆ ಸೇರುತ್ತೆ, ಕೃಷ್ಣೆ ಆಲಮಟ್ಟಿ ಅಣೆಕಟ್ಟಿಗೆ. ಅಲ್ಲಿ ನೀರು ಪೂರ್ತಿ 519.60 ಮೀಟರ್ ಮಟ್ಟಕ್ಕೆ ತುಂಬಿತು ಅಂದರೆ ಪೇಪರಿನಲ್ಲಿ ಫೋಟೋ ಬರುತ್ತೆ. ಅದೇ ಜಿಲ್ಲೆಯಲ್ಲಿ ಕಾಲುವೆ ಮುಟ್ಟದ ನಮ್ಮ ಹೊಲ ಬಾಯಿ ಬಿಟ್ಟುಕೊಂಡಿರುತ್ತೆ. ನಮ್ಮ ಕಡೆಯವರಿಗೆ ಮಳೆ ಮೇಲಿಂದಲೇ ಬರಬೇಕು.

ಅವ್ವ ಫೋನ್ ಇಡುವ ಮುಂಚೆ, "ಉಣ್ಣ ತಂಗಿ, ಬಿಸಿ ಇದ್ದಾಗ ಉಣ್ಣ. ನೀ ಉಪಾಸ ಇದ್ದರ ಇಲ್ಲಿ ಮಳಿ ಆಗತೈತೇನ?" ಅಂದಳು. ಎರಡನೇ ಸಲ ಬಡಿಸಿಕೊಂಡು ಉಂಡೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ಅಧಿಕ ಶ್ರಾವಣ ಬಂದು ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋಗಿದೆ. ಉಂಡಿ ಕಟ್ಟೋಕೆ ಊರಿಗೆ ಬಾ ಅಂತ ಅವ್ವ ಇನ್ನೂ ಕರೆದಿಲ್ಲ. ಯಾವಾಗಲೂ ಇಷ್ಟು ಹೊತ್ತಿಗೆ ಕರೆದಿರುತ್ತಾಳೆ.

ನಾಳೆ ಅಣ್ಣನಿಗೇ ಫೋನ್ ಮಾಡಬೇಕು. ಈ ತಿಂಗಳು ದಾಟಿದರೆ ತೊಗರಿ ಕಷ್ಟ. ಆಮೇಲೆ ಸೂರ್ಯಕಾಂತಿ ಹಾಕ್ತೀನಿ ಅಂತಾನೆ. ಸೂರ್ಯಕಾಂತಿಗೆ ರೇಟಿಲ್ಲ ಅಂತ ಹೋದ ತಿಂಗಳು ಹೇಳಿದವನೂ ಅವನೇ. ಹಾಗಾದರೆ ಸಜ್ಜೆ ಹಾಕೋದಾ, ಇಲ್ಲಾ ಹಿಂಗಾರಿಗೆ ಬಿಳಿಜೋಳಕ್ಕೆ ಅಂತ ಹೊಲ ಹಾಗೇ ಬಿಡೋದಾ?